ನನ್ನ ಗೋಡೆಯ ಮೇಲೆ ನಗುವ ಹೆಂಗಸು

ನನ್ನ ಮನೆಯ ಪಡಸಾಲೆಯಲ್ಲಿ, ನನ್ನ ಫೋಟೋ ಇದ್ದ ಮೊಳೆಗೇ, ಯಾರೋ ಅಪರಿಚಿತ ಹೆಂಗಸನ್ನು ತೂಗುಹಾಕಲಾಗಿದೆ. ಹಾಕಿದವನು ಸೀರೆಗೆ ಹೆಸರಾದ ಗದ್ವಾಲದ ನನ್ನ ಅಳಿಯ. ಮೆಚ್ಚಿಕೊಂಡವನು ನಾರಾಯಣಪೇಟೆಯಲ್ಲಿ ಸೀರೆ ನೇಯುವ ನನ್ನ ಮೈದುನ.

ಮೂಲ ಚಿತ್ರ ನಾನು ಮದುವೆಯಾದ ಹೊಸದರಲ್ಲಿ ಮಖ್ತಲ್‌ನ ಸ್ಟುಡಿಯೋದಲ್ಲಿ ತೆಗೆಸಿದ್ದು. ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿಂದ ಫೋಟೋದವನು, "ಸ್ವಲ್ಪ ನಗ್ರಿ ಅಮ್ಮಾ," ಅಂದ.

"ಸುಮ್‌ಸುಮ್ನ ಯಾಕ ನಗಬೇಕ್ರಿ? ಏನಾಗೈತಿ?" ಅಂದೆ.

ಅವನು ಬಹಳ ಹೊತ್ತು ಕಾದು, ಸೋತು, ಇದ್ದದ್ದನ್ನು ಇದ್ದ ಹಾಗೆ ತೆಗೆದ: ಗಂಟಿಕ್ಕಿದ ಹುಬ್ಬು, ಬಿಗಿದ ತುಟಿ, ಮೂಗಿನ ಪಕ್ಕದ ಮಚ್ಚೆ. ಆ ಕಪ್ಪು ಬಿಳುಪು ಚಿತ್ರದಷ್ಟು ನನ್ನನ್ನು ಹೋಲುವುದು ಬೇರೊಂದಿಲ್ಲ.

ಅದು ಮಾಸಿತೆಂದು, ಫೋನಿನಲ್ಲಿ ಸರಿಪಡಿಸುವುದಾಗಿ ಹೇಳಿ ಅಳಿಯ ಒಯ್ದ. ಮರಳಿ ತಂದದ್ದು ಬಣ್ಣಬಣ್ಣದ ದೊಡ್ಡ ಪಟ. ಮಚ್ಚೆ ಮಾಯವಾಗಿತ್ತು. ಹುಬ್ಬು ಸಡಿಲಗೊಂಡಿತ್ತು. ನನ್ನ ಬಾಯಿ ಎಂದೂ ಕಾಣದ ಹಲ್ಲುಸಾಲೊಂದು ಹೊಳೆಯುತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ ಮೈದುನ ಸಿಡಿದೆದ್ದ. "ಏನ್ರಿ ಅಳಿಯದೇವ್ರ, ನಮ್ಮ ವೈನಿಗೆ ಗದ್ವಾಲ ದಡಿ ಸೀರಿ ಉಡಿಸೀರಲ್ಲ! ಅವ್ರು ಉಟ್ಟಿದ್ದು ನಮ್ಮ ಮಗ್ಗದ ಚೌಕಡಿ ಸೀರಿ. ದಡಿಯಾಗಿನ ಗುಡಿ ಸಾಲು ಎಲ್ಲಿ ಹೋತು?"

"ನಾ ಅಲ್ರೀ ಮಾವ, ಫೋನ್ ಮಾಡೈತಿ."

"ಫೋನಿಗೆ ಗದ್ವಾಲ ಅಂತ ಯಾರು ಕಲಿಸಿದ್ರು? ನೀವಽ ಅಲ್ಲೇನು?"

"ಇದು ನಾನಲ್ಲ," ಎಂದೆ.

"ನಾನೂ ಅದನ್ನಽ ಹೇಳಾಕ ಹತ್ತೀನಿ ವೈನಿ! ದಡಿ ನೋಡ್ರಿ!"

ಅಪಮಾನಗೊಂಡ ಅಳಿಯ ಪಟವನ್ನು ಮತ್ತೆ ಒಯ್ದು, ಕೆಲವು ದಿನಗಳ ನಂತರ ತಿದ್ದಿಸಿ ತಂದ. ಸೀರೆಯ ಅಂಚು ನಾರಾಯಣಪೇಟೆಯದಾಗಿತ್ತು, ಚೌಕಡಿ ಸರಿಯಾಗಿತ್ತು. ಹೆಂಗಸು ಮಾತ್ರ ಈ ಸಲ ಇನ್ನೂ ಅಗಲವಾಗಿ ನಗುತ್ತಿದ್ದಳು. ಮೈದುನ ಕನ್ನಡಕ ಏರಿಸಿ, ಅಂಚಿನ ಗುಡಿಗಳ ಮೇಲೆ ಒಂದೊಂದಾಗಿ ಬೆರಳಾಡಿಸಿ, "ಈಗ ನೋಡ್ರಿ, ನಮ್ಮ ವೈನಿ ಆದ್ರು!" ಎಂದು ತೀರ್ಪಿತ್ತ.

ಹಳೆಯದನ್ನು ಹಿಂದಿರುಗಿಸು ಎಂದರೆ ಅಳಿಯ, "ಬಿಡ್ರಿ ಅತ್ತೀ, ಅದ್ರಾಗ ನೀವು ಸಿಟ್ಟಿಗೆದ್ದಂಗ ಕಾಣ್ತೀರಿ," ಎನ್ನುತ್ತಾನೆ. ಸಿಟ್ಟಿಗೆದ್ದಂತೆ ಕಾಣುವುದಲ್ಲ, ಸಿಟ್ಟಿಗೆದ್ದಿದ್ದೆ. ಆ ಸಿಟ್ಟು ನನ್ನ ಸ್ವಂತದ್ದು, ಯಾವ ಯಂತ್ರಕ್ಕೂ ಅಳಿಸಲು ಒಪ್ಪಿಸಿದ್ದಲ್ಲ.

ಆದ್ದರಿಂದ ಇಬ್ಬರನ್ನೂ ಕೇಳುತ್ತೇನೆ: ಇಷ್ಟು ವರ್ಷ ಈ ಪಡಸಾಲೆಯಲ್ಲಿ ಕುಳಿತು ನನ್ನ ಕೈಯ ರೊಟ್ಟಿ ಉಂಡವರೇ, ಬಡಿಸುವಾಗ ನಾನು ಹೀಗೆ ನಕ್ಕದ್ದನ್ನು ಒಮ್ಮೆಯಾದರೂ ಕಂಡಿದ್ದೀರಾ?