ಹಳದಿ ಸೀರೆಯ ಬ್ಯಾನರ್

ವಿಜಯನಗರದ ನಮ್ಮ ಬ್ಯಾನರ್ ಅಂಗಡಿಯಲ್ಲಿ ಸತ್ತವರಿಗೆಲ್ಲ ಒಂದೇ ಡಿಸೈನು. ಕಪ್ಪು ಬಿಳುಪು ಫೋಟೋ, ಎರಡೂ ಕಡೆ ದೀಪ, ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’. ಕಣ್ಮುಚ್ಚಿಕೊಂಡು ಮಾಡ್ತೀನಿ. ಶಾಂತಕ್ಕ ಬಂದಾಗಲೂ ಹಾಗೇ ಮಾಡಿದೆ. ಅವರು ಮಂಗಳಮುಖಿ. ಯಾರೋ ಹೊಡೆದು ಕೊಂದ ತಮ್ಮ ಗೆಳತಿ ರೂಪಾಳನ್ನ ನೆನೆಯೋಕೆ ಅವರೆಲ್ಲ ಮಲ್ಲತ್ತಹಳ್ಳಿ ಕೆರೆ ಹತ್ತಿರ ಸೇರೋರಿದ್ದರು.

ಸ್ಕ್ರೀನ್ ನೋಡಿದ ಶಾಂತಕ್ಕ ಸೊಂಟದ ಮೇಲೆ ಕೈ ಇಟ್ಟರು. "ಏನಣ್ಣಾ ಇದು? ಆ ಹಳದಿ ಸೀರೆಗೋಸ್ಕರ ಅವಳು ನನ್ನನ್ನ ಚಿಕ್ಕಪೇಟೆ ಪೂರ್ತಿ ಸುತ್ತಿಸಿದ್ಲು. ಬಣ್ಣ ವಾಪಸ್ ಹಾಕು."

ಹಾಕಿದೆ.

"ದೀಪ ತೆಗಿ. ಎಮ್ಮೆಲ್ಲೆಗಳ ಹುಟ್ಟುಹಬ್ಬಕ್ಕೆ ಚಿನ್ನದ ಫ್ರೇಮು, ಪಟಾಕಿ ಎಲ್ಲಾ ಹಾಕ್ತೀಯಲ್ಲ, ಅದು ಹಾಕು."

"ಅಕ್ಕಾ, ಸತ್ತವರಿಗೆ ಪಟಾಕಿ ಹಾಕಿದ್ರೆ ಜನ ನನಗೆ ಬೈತಾರೆ."

"ಬದುಕಿರೋವರೆಗೂ ಅವಳಿಗೆ ಬೈದ್ರು. ಒಂದು ದಿನ ನೀನು ಬೈಸಿಕೋ, ಏನಾಗಲ್ಲ."

ಕೊನೆಗೆ ರೂಪಾ ಹಳದಿ ಸೀರೆ ಉಟ್ಟು, ಪಟಾಕಿಗಳ ನಡುವೆ, ಎಲೆಕ್ಷನ್ ಗೆದ್ದವಳ ಹಾಗೆ ನಗ್ತಾ ನಿಂತಳು. ಶಾಂತಕ್ಕ ತುಂಬಾ ಹೊತ್ತು ನೋಡ್ತಾನೇ ಇದ್ದರು. ಆಮೇಲೆ ಮೊಬೈಲ್ ತೆಗೆದು ನನಗೆ ತಮ್ಮದೇ ಒಂದು ಫೋಟೋ ಕಳಿಸಿದರು.

"ಇದನ್ನೂ ಇಟ್ಕೊಂಡಿರು. ನಾಳೆ ನನಗೇನಾದ್ರೂ ಆದ್ರೆ ನಮ್ಮ ಹುಡುಗೀರು ಆಧಾರ್ ಕಾರ್ಡಿನ ಫೋಟೋ ತಂದು ನಿನ್ನ ಮುಂದೆ ಇಟ್ಟುಬಿಡ್ತಾರೆ."

ಇಟ್ಟುಕೊಂಡೆ. ಫೈಲಿಗೆ ಮಾತ್ರ ‘ಶಾಂತಕ್ಕ ಹುಟ್ಟುಹಬ್ಬ’ ಅಂತ ಹೆಸರು ಕೊಟ್ಟಿದೀನಿ. ದೀಪದ ಡಿಸೈನು ಹೇಗೂ ಅವರಿಗೆ ಹಿಡಿಸಲ್ಲ.