ಅಮ್ಮನ ಓಟಿನ ಮೇಲಿನ ಆಣೆ

ವಿಧಾನಸಭೆ ಚುನಾವಣೆಯ ದಿನಾಂಕ ಇನ್ನೂ ಯಾರಿಗೂ ಗೊತ್ತಿಲ್ಲ. ಆದರೆ ನಮ್ಮ ತಾಲ್ಲೂಕಿನಲ್ಲಿ ಟಿಕೆಟ್ ಆಕಾಂಕ್ಷಿಯಾಗಿರುವುದು ಈಗಾಗಲೇ ಪೂರ್ಣಾವಧಿ ಉದ್ಯೋಗ. ದೊಡ್ಡಬಳ್ಳಾಪುರದಿಂದ ಸಾಸಲಿನ ಕಡೆ ಬರುವ ಬಸ್ಸಿನ ಕಿಟಕಿಯಿಂದ ದಿನಾ ಫ್ಲೆಕ್ಸ್‌ಗಳಲ್ಲಿ ಅವರ ದರ್ಶನವಾಗುತ್ತದೆ. ಐವತ್ತು ದಾಟಿದ ಯುವ ನಾಯಕರು, ಹುಟ್ಟುಹಬ್ಬವಿಲ್ಲದ ತಿಂಗಳಲ್ಲೂ ಶುಭಾಶಯ ಸ್ವೀಕರಿಸುವ ಜನಸೇವಕರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್‌ಗಳನ್ನು ಗೆದ್ದು, ಈಗ ಕಾನೂನು ಓದುತ್ತಿರುವ ನನಗೆ ಇವರೆಲ್ಲ ಸುಲಭದ ಎದುರಾಳಿಗಳಂತೆ ಕಾಣುತ್ತಿದ್ದರು. ಕಡೆಗೆ ನಾನು ವಾದ ಮಾಡಬೇಕಾಗಿ ಬಂದದ್ದು ಇವರ ಜೊತೆಯಲ್ಲ, ಅಮ್ಮನ ಜೊತೆ.

ಅಮ್ಮ ನಮ್ಮೂರಿನ ಮಹಿಳಾ ಸಂಘದ ಅಧ್ಯಕ್ಷೆ. ಕಳೆದ ಧನುರ್ಮಾಸದಲ್ಲಿ, ಲೇಔಟ್ ಮಾಡಿ ಸೈಟು ಮಾರುವ ಒಬ್ಬ ಆಕಾಂಕ್ಷಿ ಸಂಘದ ಹೆಂಗಸರಿಗೆಲ್ಲ ಕೆಂಪು ಸೀರೆ ಕೊಟ್ಟು, ಎರಡು ಬಸ್ಸು ಮಾಡಿಸಿ, ತಮಿಳುನಾಡಿನ ಒಂದು ದೇವಿ ಗುಡಿಗೆ ಕಳಿಸಿದರು. ಅವರನ್ನು ನಮ್ಮ ಕಡೆ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅಣ್ಣ ಅನ್ನುತ್ತಾರೆ. ಅಮ್ಮ ಹೊರಟದ್ದು ಸೀರೆಯ ಆಸೆಗಲ್ಲ. ನನ್ನ ಅಕ್ಕನಿಗೆ ಎರಡು ಸಲ ಗರ್ಭ ನಿಲ್ಲದೆ ಹೋಗಿ, ಮೂರನೆಯದಕ್ಕೆ ಐದು ತಿಂಗಳಾಗಿತ್ತು. ಆ ದೇವಿ ಅಂಥವರ ಕೈ ಹಿಡಿಯುತ್ತಾಳೆಂದು ಯಾರೋ ಹೇಳಿದ್ದರು. ನಾನು ಈ ಪ್ರಜಾಪ್ರಭುತ್ವವನ್ನು ಹತ್ತಿರದಿಂದ ಅಧ್ಯಯನ ಮಾಡುತ್ತೇನೆಂದು ಗೆಳತಿಯರಿಗೆ ಹೇಳಿಕೊಂಡು, ಪುಕ್ಕಟೆ ಕಿಟಕಿ ಸೀಟಿನಲ್ಲಿ ಕೂತೆ.

ದರ್ಶನ ಮುಗಿದ ಮೇಲೆ, ಗುಡಿಯ ಹೊರಗೆ ಬೇವಿನ ಮರದಡಿ ಅಣ್ಣನ ಪಿ.ಎ. ತಟ್ಟೆಯಲ್ಲಿ ಕರ್ಪೂರ ಹಚ್ಚಿದ. ಒಬ್ಬೊಬ್ಬರೇ ಉರಿಯ ಮೇಲೆ ಕೈ ಹಿಡಿದು ಅವನು ಹೇಳಿಕೊಟ್ಟಂತೆ ಆಣೆ ಇಡಬೇಕಿತ್ತು. ನಮ್ಮ ಓಟು ಅಣ್ಣನಿಗೆ, ಅಣ್ಣನ ಪಕ್ಷಕ್ಕೆ. ಪಿ.ಎ. ಬಹಳ ಜಾಗ್ರತೆಯ ಮನುಷ್ಯ. ಎಲ್ಲಿ ನುಣುಚಿಕೊಳ್ಳುತ್ತಾರೋ ಎಂದು ಪಕ್ಷದ ಹೆಸರನ್ನೂ ಚಿಹ್ನೆಯನ್ನೂ ಬಿಡದೆ ಹೇಳಿಸಿದ. ಅಧ್ಯಕ್ಷೆಯೆಂದು ಅಮ್ಮನೇ ಮೊದಲು ಹೇಳಿದಳು, ಉಳಿದವರು ಅವಳ ಹಿಂದೆ. ನಾನು ಚಪ್ಪಲಿ ಕಾಯುವ ನೆಪದಲ್ಲಿ ತಪ್ಪಿಸಿಕೊಂಡೆ.

ಸಂಕ್ರಾಂತಿ ಕಳೆದು ಮೂರು ವಾರಕ್ಕೆ ಅಣ್ಣ ಎದುರು ಪಕ್ಷ ಸೇರಿದರು. ಫ್ಲೆಕ್ಸ್‌ಗಳೂ ಬದಲಾದವು. ಅದೇ ಫೋಟೊ, ಅದೇ ಮುಗಿದ ಕೈ, ಶಾಲಿನ ಬಣ್ಣ ಮಾತ್ರ ಬೇರೆ. ಕಂಪ್ಯೂಟರಿನವನ ಆತುರಕ್ಕೆ ಎಡ ಮೊಣಕೈ ಹತ್ತಿರ ಹಳೆಯ ಬಣ್ಣ ಒಂದಿಷ್ಟು ಉಳಿದುಬಿಟ್ಟಿತ್ತು. ನಾನು ಅದರ ಫೋಟೊ ತೆಗೆದು ಎಲ್ಲರಿಗೂ ಕಳಿಸಿ ಎರಡು ದಿನ ನಕ್ಕೆ. ಅಮ್ಮ ನಗಲಿಲ್ಲ. ಅವರೆಕಾಯಿ ಸುಲಿಯುತ್ತಾ ಕೂತವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

“ಅಣ್ಣನಿಗೆ ಹಾಕಿದ್ರೆ ಪಕ್ಷಕ್ಕೆ ತಪ್ಪಿದಂಗಾಯ್ತು. ಪಕ್ಷಕ್ಕೆ ಹಾಕಿದ್ರೆ ಅಣ್ಣನಿಗೆ ತಪ್ಪಿದಂಗಾಯ್ತು. ಮನೇಲೇ ಕೂತ್ರೆ ಇಬ್ರಿಗೂ ತಪ್ಪಿದಂಗೆ. ನಾನೇನ್ ಮಾಡ್ಲಿ ಹೇಳೇ ಈಗ?”

ಐದು ವರ್ಷದ ಚರ್ಚಾಸ್ಪರ್ಧೆಗಳಲ್ಲಿ ನಾನು ಯಾವ ಎದುರಾಳಿಯನ್ನೂ ಇಷ್ಟು ಅಚ್ಚುಕಟ್ಟಾಗಿ ಕಟ್ಟಿಹಾಕಿರಲಿಲ್ಲ. ಪಿ.ಎ.ಯ ಜಾಗ್ರತೆ ಎರಡು ಬಸ್ಸಿನ ಹೆಂಗಸರನ್ನು ಕಟ್ಟಿಹಾಕಿತ್ತು.

ನಾನು ವಾದ ಶುರುಮಾಡಿದೆ. ಆಮಿಷ ತೋರಿಸಿ ಪಡೆದ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ ಎಂದೆ. ಸೀರೆ ಉಟ್ಟುಕೊಂಡು ಬಸ್ಸು ಹತ್ತಿದ್ದು ತಾನೇ, ಯಾರೂ ಎತ್ತಿ ಕೂರಿಸಲಿಲ್ಲ ಎಂದಳು. ಇಂಥ ಸಣ್ಣ ವಿಷಯ ನೋಡಲು ದೇವಿಗೆ ಪುರಸೊತ್ತಿರುವುದಿಲ್ಲ ಎಂದೆ.

“ನಿಮ್ಮಕ್ಕನ ಹೊಟ್ಟೆ ನೋಡೋಕೆ ಪುರಸೊತ್ತಿದ್ರೆ ಇದಕ್ಕೂ ಇರತ್ತೆ ಕಣೇ.”

ಅಲ್ಲಿಗೆ ನನ್ನ ವಾದ ಮುಗಿಯಿತು. ಮಾತು ತಪ್ಪಿದ ದೋಷ ಅಕ್ಕನ ಹೊಟ್ಟೆಗೆ ತಟ್ಟುತ್ತದೆಂದು ಅಮ್ಮ ನಂಬಿದ್ದಳು. ಅದು ಮೂಢನಂಬಿಕೆ ಎಂದು ಸಾಬೀತು ಮಾಡಲು ನನ್ನ ಬಳಿ ಕಾರಣಗಳಿದ್ದವು. ಆದರೆ ಡಾಕ್ಟರರಿಂದ ಫೋನು ಬಂದಾಗಲೆಲ್ಲ ಅವಳು ದೇವರ ಪಟಕ್ಕೆ ಕೈ ಮುಗಿದೇ ಎತ್ತುವುದನ್ನು ನೋಡಿದ ಮೇಲೆ, ಆ ಕಾರಣಗಳನ್ನು ಹೇಳಲು ನನಗೇ ನಾಚಿಕೆಯಾಯಿತು. ಅವಳ ಊಟ ಕಡಿಮೆಯಾಯಿತು. ಸಂಘದ ಸಭೆಗೂ ಹೋಗಲಿಲ್ಲ.

ಅಣ್ಣ ಬಿಟ್ಟುಹೋದ ಪಕ್ಷದಲ್ಲಿ ಖಾಲಿಯಾದ ಜಾಗಕ್ಕೆ ಕಲ್ಲು ಕ್ವಾರಿಯ ಮಾಲೀಕರೊಬ್ಬರು ಕಣ್ಣು ಹಾಕಿದ್ದರು. ಹೆಂಗಸರ ಸಂಕಟ ಅವರ ಕಿವಿಗೆ ಬಿತ್ತು. ಒಂದು ಮಧ್ಯಾಹ್ನ ಅವರ ಹೆಂಡತಿ ನಮ್ಮ ಜಗಲಿಗೆ ಬಂದು ಕೂತು, ಬಹಳ ಕನಿಕರದಿಂದ ದಾರಿ ತೋರಿಸಿದರು. ಎಲ್ಲಿ ಆಣೆ ಇಟ್ಟಿರೋ ಅಲ್ಲೇ ತಪ್ಪು ಕಾಣಿಕೆ ಹಾಕಿ ಬಿಡಿಸಿಕೊಳ್ಳಿ, ಬಸ್ಸು ನಮ್ಮದು, ಈ ಸಲ ಸೀರೆಯ ಬದಲು ಸ್ಟೀಲ್ ಡಬ್ಬಿಗಳು. ಅವರು ಹೋದ ಮೇಲೆ, ಇವರೂ ಕರ್ಪೂರ ಹಚ್ಚದೆ ಬಿಡುವುದಿಲ್ಲ ಎಂದು ಅಮ್ಮನಿಗೆ ಎಚ್ಚರಿಸಿದೆ.

“ಗೊತ್ತು. ಇಲ್ಲಾಂದ್ರೆ ಬಸ್ಸು ಯಾರು ಮಾಡ್ತಾರೆ?” ಎಂದಳು.

ಹೀಗೆ, ಒಬ್ಬ ಆಕಾಂಕ್ಷಿಯ ಖರ್ಚಿನಲ್ಲಿ ಇಟ್ಟ ಆಣೆಯನ್ನು ಇನ್ನೊಬ್ಬ ಆಕಾಂಕ್ಷಿಯ ಖರ್ಚಿನಲ್ಲಿ ಬಿಡಿಸಿಕೊಳ್ಳಲು ಅದೇ ಎರಡು ಬಸ್ಸು ಹೊರಟವು. ಡ್ರೈವರುಗಳೂ ಅವರೇ. ಬಸ್ಸಿಗೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ಮಾತ್ರ ಈ ಸಲ ‘ಉಚಿತ ಧಾರ್ಮಿಕ ಪ್ರವಾಸ’ ಎಂದಿತ್ತು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಒಂದು ಭಾಷಣ ಸಿದ್ಧಮಾಡಿಕೊಂಡೆ. ಮತ್ತೆ ತಟ್ಟೆ ಬಂದರೆ ಈ ಸಲ ಚಪ್ಪಲಿ ಕಾಯದೆ ಎಲ್ಲರೆದುರು ಮಾತಾಡುತ್ತೇನೆ ಎಂದು ತೀರ್ಮಾನಿಸಿದ್ದೆ.

ಅಮ್ಮ ಅರಿಸಿನದ ಬಟ್ಟೆಯಲ್ಲಿ ಕಟ್ಟಿ ತಂದಿದ್ದ ಕಾಣಿಕೆಯನ್ನು ಹುಂಡಿಗೆ ಹಾಕಿ, ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಳು. ಹೊರಗೆ ಬಂದರೆ ಅದೇ ಮರದಡಿ ಕ್ವಾರಿಯವರ ಹೆಂಡತಿ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕರ್ಪೂರ ಆಗಲೇ ಉರಿಯುತ್ತಿತ್ತು. ಅಧ್ಯಕ್ಷೆಯನ್ನೇ ಮೊದಲು ಕರೆದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಮ್ಮ ಮುಂದೆ ಹೋಗಿ ನಿಂತಿದ್ದಳು.

“ಮೊದಲು ನೀವು ಕೈ ಇಡಿ ತಾಯಿ,” ಎಂದಳು, ಸ್ವಲ್ಪವೂ ದನಿಯೇರಿಸದೆ. “ನಿಮ್ಮ ಯಜಮಾನ್ರು ಈ ಪಕ್ಷ ಬಿಟ್ಟು ಹೋಗಲ್ಲ ಅಂತ ಹೇಳ್ಬಿಡಿ. ಆಮೇಲೆ ನಾವೆಲ್ಲ ಹೇಳ್ತೀವಿ.”

ಆಕೆ ನಕ್ಕರು. ಹೆಂಗಸರು ಯಾರೂ ನಗಲಿಲ್ಲ. ಆಕೆ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಪಕ್ಕಕ್ಕೆ ಹೋಗಿ ಗಂಡನಿಗೆ ಫೋನು ಮಾಡಿದರು. ಆ ಕಡೆಯವರು ಏನಂದರೋ ತಿಳಿಯದು. ಈ ಕಡೆಯಿಂದ ನಮಗೆ ಕೇಳಿಸಿದ್ದು ಇಷ್ಟು: “ಹೂಂ ರೀ, ಆದ್ರೆ ಪಕ್ಷದವ್ರು ಟಿಕೆಟ್ಟೇ ಕೊಡ್ಲಿಲ್ಲ ಅಂದ್ರೆ?” ಮಾತು ಉದ್ದವಾಯಿತು. ಕರ್ಪೂರ ಕರಗಿ, ಸಣ್ಣಗಾಗಿ, ಆರಿತು. ಇನ್ನೊಂದು ಬಿಲ್ಲೆ ಹಚ್ಚಲು ಯಾರೂ ಮುಂದೆ ಬರಲಿಲ್ಲ. ಹಿಂದಿನಿಂದ ಒಬ್ಬರು, ಕಾಲು ನೋಯ್ತಾವೆ, ನಡೀರಮ್ಮಾ ಎಂದರು. ಎಲ್ಲರೂ ಬಸ್ಸಿನ ಕಡೆ ಹೊರಟರು. ನನ್ನ ಭಾಷಣ ನನ್ನಲ್ಲೇ ಉಳಿಯಿತು.

ಸ್ಟೀಲ್ ಡಬ್ಬಿಗಳು ಡಿಕ್ಕಿಯಿಂದ ಇಳಿಯಲೇ ಇಲ್ಲ. ಬಸ್ಸು ಹೊರಟ ಕೂಡಲೇ ಅಮ್ಮ ಅಕ್ಕನಿಗೆ ಫೋನು ಮಾಡಿ, ಮಗು ಒದೀತಾ, ಊಟ ಆಯ್ತಾ ಎಂದು ಕೇಳಿದಳು. ಆಮೇಲೆ ತಾನೂ ತಿಂಗಳ ಮೇಲೆ ಹೊಟ್ಟೆ ತುಂಬ ಚಿತ್ರಾನ್ನ ತಿಂದಳು. ಈಗ ಓಟು ಯಾರಿಗೆ ಎಂದು ಕೇಳಿದೆ.

“ಮೊದ್ಲು ಅವ್ರು ಒಂದು ಕಡೆ ನಿಂತ್ಕೊಳ್ಳಲಿ. ಆಮೇಲೆ ನೋಡೋಣ,” ಎಂದವಳೇ ನನ್ನ ಭುಜಕ್ಕೆ ಒರಗಿದಳು. ಹೊಸಕೋಟೆ ಬರುವವರೆಗೂ ಬಾಯಿ ತೆರೆದುಕೊಂಡು ನಿದ್ದೆ ಹೊಡೆದಳು.