ಚುರುಕಾದ ಮೊಣಕಾಲು

ಆ ವರ್ಷದ ಬೇಸಿಗೆ ಶುರುವಾಗುವ ಹೊತ್ತಿಗೆ ನನ್ನ ಅಂಗಾಲುಗಳಲ್ಲಿ ಜುಮುಜುಮು ಆರಂಭವಾಯಿತು. ನಾವಿರುವ ಈ ಕೊಲ್ಲಿ ದೇಶದ ಫಹಾಹೀಲ್ ಪಟ್ಟಣದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ನರರೋಗದ ವೈದ್ಯರಿದ್ದರು. ಈಜಿಪ್ಟಿನವರು, ವಯಸ್ಸಾದವರು, ಹೆಚ್ಚು ಮಾತಿಲ್ಲ. ನನ್ನನ್ನು ಎತ್ತರದ ಮಂಚದ ಅಂಚಿಗೆ ಕೂರಿಸಿ ರಬ್ಬರಿನ ಸುತ್ತಿಗೆಯಿಂದ ಮೊಣಕಾಲು, ಮೊಣಕೈ, ಹಿಮ್ಮಡಿಗೆಲ್ಲ ತಟ್ಟಿದರು. ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆ ಎಂದು ಬಂತು. ಕೆಲವು ಇಂಜೆಕ್ಷನ್, ಆಮೇಲೆ ಮಾತ್ರೆ. ಜುಮುಜುಮು ಮಾಯವಾಯಿತು. ನಾನೂ ಮರೆತೆ.

ಕೆಲವು ತಿಂಗಳ ಮೇಲೆ ನಮ್ಮ ಆಫೀಸಿನವರು ವಿಮೆ ಕಂಪನಿಯನ್ನು ಬದಲಾಯಿಸಿದರು. ಹೊಸಬರು ಹಳೆಯ ಚಿಕಿತ್ಸೆಯ ದಾಖಲೆ ಕೇಳಿದರು. ಕ್ಲಿನಿಕ್ಕಿನ ಹುಡುಗಿ ಎರಡು ಹಾಳೆ ಮುದ್ರಿಸಿ ಕೊಟ್ಟಳು. ಊಟದ ಬಿಡುವಿನಲ್ಲಿ ಓದಿದೆ. ನಡಿಗೆ ಸಹಜ, ಬಲ ಸಹಜ, ಸ್ಪರ್ಶ ಸಹಜ. ಅದರ ಕೆಳಗೆ, ರಿಫ್ಲೆಕ್ಸ್: ನಾಲ್ಕೂ ಅವಯವಗಳಲ್ಲಿ ಬ್ರಿಸ್ಕ್.

ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ರಿಫ್ಲೆಕ್ಸ್ ಎಂದರೆ ಸುತ್ತಿಗೆ ತಟ್ಟಿದಾಗ ಕೈಕಾಲು ತಾನಾಗಿ ಜಿಗಿಯುವುದು; ಬ್ರಿಸ್ಕ್ ಎಂದರೆ ಚುರುಕು. ನನ್ನ ಶಾಲೆಯ ದಿನಗಳಲ್ಲಿ ಅದು ಹೊಗಳಿಕೆಯ ಮಾತಾಗಿತ್ತು. ಇಲ್ಲಿ ಅದು ಹೊಗಳಿಕೆಯೋ ದೂರೋ ತಿಳಿಯಲಿಲ್ಲ. ಮೊಬೈಲಿನಲ್ಲಿ ಹುಡುಕಿದೆ. ಮೊದಲ ಪುಟಗಳು ಇದು ಎಷ್ಟೋ ಜನರಲ್ಲಿ ಸಹಜ ಎಂದವು. ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಇನ್ನೂ ಕೆಳಗೆ ಹೋದಂತೆ ಬೆನ್ನುಹುರಿಯ ಕಾಯಿಲೆಗಳು, ಮಾಂಸಖಂಡ ಕರಗುವ ಕಾಯಿಲೆಗಳು, ಇಂಥದ್ದೇ ಪದವನ್ನು ತಮ್ಮ ವರದಿಯಲ್ಲಿ ಕಂಡ ಜನರ ಬರಹಗಳು. ಆ ದಿನ ಮಧ್ಯಾಹ್ನ ಬ್ಯಾಂಕಿಗೆ ಕಳಿಸಬೇಕಿದ್ದ ಕಡತವನ್ನು ಎರಡು ಸಲ ತಪ್ಪು ವಿಳಾಸಕ್ಕೆ ಕಳಿಸಿದೆ.

ಮನೆಗೆ ಬಂದು ಚಪಾತಿ ಲಟ್ಟಣಿಗೆಯಿಂದ ಮೊಣಕಾಲಿನ ಚಿಪ್ಪಿನ ಕೆಳಗೆ ತಟ್ಟಿಕೊಂಡೆ. ಕಾಲು ಜಿಗಿಯಿತು. ಇನ್ನೂ ಮೆಲ್ಲಗೆ ತಟ್ಟಿದೆ, ಆಗಲೂ ಜಿಗಿಯಿತು. ಅಂದಿನಿಂದ ಅದು ದಿನಚರಿಯಾಯಿತು. ಅಂಥ ಕಾಯಿಲೆಯಲ್ಲಿ ನಾಲಿಗೆ ಅದುರುತ್ತದೆ ಎಂದು ಓದಿ, ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡುತ್ತಿದ್ದೆ. ಚಾಚಿದ ನಾಲಿಗೆ ಎಲ್ಲರದ್ದೂ ಸ್ವಲ್ಪ ಅದುರುತ್ತದೆ ಎಂದು ಆಮೇಲೆ ಗೊತ್ತಾಯಿತು. ಕಾಲಿನ ಬಲ ಕುಂದಿದೆಯೇ ಎಂದು ಫ್ಲ್ಯಾಟಿನ ಪಡಸಾಲೆಯಲ್ಲಿ ಹಿಮ್ಮಡಿಯ ಮೇಲೆ ಒಂದು ಸಲ, ಬೆರಳ ತುದಿಯ ಮೇಲೆ ಒಂದು ಸಲ ನಡೆಯುತ್ತಿದ್ದೆ. ಮಗಳು ಒಂಬತ್ತನೇ ಕ್ಲಾಸು. ಪುಸ್ತಕದಿಂದ ತಲೆಯೆತ್ತಿ ನೋಡಿದಳು.

"ಅಮ್ಮಾ, ವಾಟ್ ಆರ್ ಯೂ ಡೂಯಿಂಗ್?"

"ವ್ಯಾಯಾಮ ಕಣೇ."

"ಇಟ್ಸ್ ವಿಯರ್ಡ್," ಎಂದು ಮತ್ತೆ ಓದತೊಡಗಿದಳು.

ನಾವು ಇರುವುದು ಮಹಬೂಲಾದಲ್ಲಿ. ಅಲ್ಲಿಂದ ಸಿಟಿಯ ಆಫೀಸಿಗೆ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಹೋಗುತ್ತಿದ್ದೆ. ಅವರು ಪುತ್ತೂರು ಕಡೆಯ ಬ್ಯಾರಿ, ಲೆಕ್ಕದ ವಿಭಾಗದಲ್ಲಿದ್ದವರು. ದಾರಿಯುದ್ದಕ್ಕೂ ನಾನು ತೊಡೆ ಕರಗಿದೆಯೇ ಎಂದು ಹಿಡಿದು ಹಿಡಿದು ನೋಡುತ್ತಿದ್ದುದು ಅವರ ಕಣ್ಣಿಗೆ ಬಿದ್ದಿರಬೇಕು.

"ಎಂತ ಮೇಡಂ, ಕಾಲು ನೋವುಂಟಾ?"

"ಇಲ್ಲ, ಸುಮ್ಮನೆ."

"ನೋವಿದ್ರೆ ತೋರಿಸಿ ಮಾರಾಯ್ರೆ. ಸುಮ್ಮನೆ ಇರೋದು ಬೇಡ."

ನೋವಿಲ್ಲವಲ್ಲ, ಅದೇ ತೊಂದರೆ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ವೈದ್ಯರ ಹತ್ತಿರವೂ ಹೋಗಲಿಲ್ಲ. ಹೋದರೆ ಅವರು ಏನಾದರೂ ಹೇಳಿಬಿಟ್ಟಾರು ಎಂಬ ಭಯ. ಹೋಗದಿದ್ದರೆ ದಿನವೂ ನಾನೇ ನನಗೆ ಏನಾದರೂ ಹೇಳಿಕೊಳ್ಳುತ್ತಿದ್ದೆ. ಎರಡರಲ್ಲಿ ಎರಡನೆಯದೇ ಆಗ ಸುಲಭವಾಗಿ ಕಂಡಿತು.

ನನ್ನ ಗಂಡ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಪಂಪುಗಳ ದುರಸ್ತಿ ವಿಭಾಗದ ಸೂಪರ್‌ವೈಸರ್. ಪಾಳಿಯ ಕೆಲಸ. ದಿನವಿಡೀ ಸೇಫ್ಟಿ ಶೂ ಹಾಕಿಕೊಂಡು ನಿಂತು ಮನೆಗೆ ಬಂದರೆ ಊಟ, ನಿದ್ದೆ. ಅವರಿಗೂ ನಾನು ಏನನ್ನೂ ಹೇಳಿರಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ, ಊಟವಾಗಿ ಅವರು ಮಲಗಿದ್ದಾರೆಂದುಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಲಟ್ಟಣಿಗೆ ಎತ್ತಿದ್ದೆ. ನೀರು ಕುಡಿಯಲು ಬಂದವರು ಬಾಗಿಲಲ್ಲೇ ನಿಂತರು. ಆ ದಿನಗಳಲ್ಲಿ ಅವರು ಬಹಳ ನೀರು ಕುಡಿಯುತ್ತಿದ್ದರು. ಸೆಖೆಗೆ ಎಂದುಕೊಂಡಿದ್ದೆವು.

"ಏನೇ ಅದು? ಕಾಲಿಗೆ ಯಾಕೆ ಹೊಡ್ಕೋತಾ ಇದ್ದೀಯ?"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೋದಂತೆ ಅದು ನನಗೇ ಬಾಲಿಶವಾಗಿ ಕೇಳಿಸಿತು, ಆದರೂ ಭಯ ಹಾಗೇ ಇತ್ತು. ಅವರು ನಗಲಿಲ್ಲ. ನಕ್ಕಿದ್ದರೆ ಜಗಳವಾಗುತ್ತಿತ್ತು. ಡೈನಿಂಗ್ ಟೇಬಲ್ಲಿನ ಮೇಲೆ ಹತ್ತಿ ಕೂತು ಲುಂಗಿ ಮೇಲೆತ್ತಿ ಕಾಲು ಇಳಿಬಿಟ್ಟರು.

"ನಂಗೂ ಹೊಡಿ, ನೋಡೋಣ. ಇಬ್ಬರದ್ದೂ ಒಂದೇ ಥರ ಇದ್ರೆ ಖಲಾಸ್, ಮತ್ತೆ ಈ ವಿಷಯ ಎತ್ತಬಾರದು."

ತಟ್ಟಿದೆ. ಕಾಲು ಅಲುಗಲಿಲ್ಲ. ಸರಿಯಾದ ಜಾಗ ಹುಡುಕಿ ಮತ್ತೆ ತಟ್ಟಿದೆ. ಇನ್ನೊಂದು ಕಾಲಿಗೂ ತಟ್ಟಿದೆ. ಇಷ್ಟು ದಿನದ ಅಭ್ಯಾಸದಿಂದ ಜಾಗ ನನಗೆ ಚೆನ್ನಾಗಿ ಗೊತ್ತಿತ್ತು. ಗೋಡೆಗೆ ತಟ್ಟಿದ ಹಾಗಿತ್ತು.

"ಬಿಗಿ ಹಿಡ್ಕೋಬೇಡಿ ರೀ."

"ಹಿಡ್ಕೊಂಡಿಲ್ವೇ."

ಸ್ವಲ್ಪ ಹೊತ್ತು ಇಬ್ಬರೂ ಆ ಕಾಲುಗಳನ್ನು ನೋಡಿದೆವು. ಆಮೇಲೆ ಅವರು ನಕ್ಕರು. "ನಿಂದು ಹಾರುತ್ತೆ, ನಂದು ಏಳಲ್ಲ. ಸರಿ, ಇಬ್ಬರೂ ಹೋಗಿ ಕೇಳೋಣ ನಡಿ," ಎಂದರು. ಅವರು ಬರುತ್ತಿದ್ದುದು ನನ್ನ ಸಮಾಧಾನಕ್ಕಾಗಿ ಎಂದು ನನಗೆ ಗೊತ್ತಿತ್ತು.

ಆ ವಾರವೇ ಅದೇ ವೈದ್ಯರಲ್ಲಿಗೆ ಹೋದೆವು. ಮೊದಲು ನನ್ನನ್ನು ನೋಡಿದರು. ಮತ್ತೆ ಸುತ್ತಿಗೆ. ಪಾದವನ್ನು ಗಬಕ್ಕನೆ ಮೇಲಕ್ಕೆ ಮಡಚಿ ಹಿಡಿದರು. ಸುತ್ತಿಗೆಯ ಹಿಡಿಯ ತುದಿಯಿಂದ ಅಂಗಾಲಿನ ಮೇಲೆ ಗೆರೆ ಎಳೆದರು. ಹೆಬ್ಬೆರಳು ಕೆಳಗೆ ಬಾಗಬೇಕು, ಮೇಲೆದ್ದರೆ ಕೆಟ್ಟದ್ದು ಎಂದು ಓದಿದ್ದೆ. ಕತ್ತು ಎತ್ತಿ ನೋಡಿದೆ. ಬಾಗಿತು.

"ಎರಡೂ ಕಡೆ ಒಂದೇ ಸಮ ಇದೆ, ಬೇರೆ ಯಾವ ಲಕ್ಷಣವೂ ಇಲ್ಲ," ಎಂದು ವೈದ್ಯರು ಇಂಗ್ಲಿಷಿನಲ್ಲಿ ಹೇಳಿದರು. "ನಿಮ್ಮ ದೇಹ ಇರುವುದೇ ಹೀಗೆ. ಹೆದರಿದಾಗ ಇನ್ನೂ ಸ್ವಲ್ಪ ಹೆಚ್ಚು ಹಾರುತ್ತದೆ."

"ಹಾಗಾದರೆ ಯಾಕೆ ಬರೆದಿರಿ?"

"ಕಂಡಿತು, ಬರೆದೆ. ನೀವು ನೀಲಿ ಬಟ್ಟೆ ತೊಟ್ಟು ಬಂದಿದ್ದರೆ ಅದೂ ಕಾಣುತ್ತಿತ್ತು. ಅದು ಕಾಯಿಲೆಯಲ್ಲ."

ಇನ್ನೊಂದು ಪ್ರಶ್ನೆ ನನ್ನ ನಾಲಿಗೆಯ ಮೇಲಿತ್ತು. ಅಷ್ಟರಲ್ಲಿ ಅವರು ನನ್ನ ಗಂಡನ ಕಡೆ ತಿರುಗಿ, "ಯಲ್ಲಾ, ಬನ್ನಿ, ಈಗ ನೀವು," ಎಂದರು. ಮೊಣಕಾಲಿಗೆ ತಟ್ಟಿದಾಗ ಒಂಚೂರು ಅಲುಗಿದಂತೆ ಕಂಡಿತು. ಹಿಮ್ಮಡಿಗೆ ತಟ್ಟಿದಾಗ ಏನೂ ಇಲ್ಲ. ಸಾಕ್ಸ್ ಕಳಚಲು ಹೇಳಿದರು. ಎಡಗಾಲಿನ ಸಾಕ್ಸ್ ಹಿಮ್ಮಡಿಗೆ ಅಂಟಿಕೊಂಡಿತ್ತು. ವೈದ್ಯರೇ ಮೆಲ್ಲಗೆ ಬಿಡಿಸಿದರು. ಕೆಳಗೆ ಬೊಬ್ಬೆ ಒಡೆದು ಕೆಂಪಗೆ ಹಸಿಯಾದ ಗಾಯ.

"ಇದು ಯಾವಾಗಿನಿಂದ?"

"ಯಾವುದು?" ಎಂದರು ನನ್ನ ಗಂಡ.

ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕಾಲನ್ನು ತಿರುಗಿಸಿ, ಬೇರೆ ಯಾರದೋ ಪಾದ ನೋಡಿದಂತೆ ನೋಡಿದರು. ವೈದ್ಯರು ಅವರಿಗೆ ಕಣ್ಣು ಮುಚ್ಚಿಸಿ, ತೆಳು ದಾರದಂಥ ಎಳೆಯೊಂದರಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟುತ್ತಾ, ಮುಟ್ಟಿದಾಗ ಹೇಳಿ ಎಂದರು. ನನ್ನ ಗಂಡ ಕಾಯುತ್ತಾ ಕೂತಿದ್ದರು. ಇನ್ನೂ ಶುರುವೇ ಆಗಿಲ್ಲ ಎಂದುಕೊಂಡಿದ್ದರಂತೆ.

ನರ್ಸ್ ಅವರ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿದರು. ಬಹಳ ಮೇಲಿತ್ತು. ಸಕ್ಕರೆ ಕಾಯಿಲೆ ಕೆಲವು ವರ್ಷಗಳಿಂದಲೇ ಇದ್ದಿರಬಹುದು, ಪಾದದ ನರಗಳು ಕೆಟ್ಟಿವೆ, ಗಾಯ ಕೆಡುವ ಮೊದಲೇ ಬಂದದ್ದು ಒಳ್ಳೆಯದಾಯಿತು ಎಂದು ವೈದ್ಯರು ಹೇಳಿದರು. ಅವರು ಇದನ್ನೆಲ್ಲ ವಿವರಿಸುತ್ತಿದ್ದಾಗಲೂ ನನ್ನ ಮನಸ್ಸಿನ ಒಂದು ಮೂಲೆ ನನ್ನದೇ ಹೆಬ್ಬೆರಳು ಸರಿಯಾಗಿ ಬಾಗಿತೇ ಎಂದು ಯೋಚಿಸುತ್ತಿತ್ತು. ಅದು ನನ್ನ ಗಮನಕ್ಕೂ ಬಂತು. ಅಂಜಿಕೆಗೆ ನಾಚಿಕೆಯಿಲ್ಲ.

ಹೊರಗೆ ಬಂದು ಕಾರಿನಲ್ಲಿ ಕೂತಾಗ ನನ್ನ ಗಂಡ ಸ್ಟೀರಿಂಗ್ ಹಿಡಿದರು, ಕಾರು ಶುರು ಮಾಡಲಿಲ್ಲ.

"ನಿನ್ನ ತೋರಿಸೋಕೆ ಬಂದೆ ನಾನು," ಎಂದರು.

"ಹೌದು."

"ಮಗಳಿಗೆ ಈಗಲೇ ಹೇಳೋದು ಬೇಡ."

ಹೇಳಲೇಬೇಕಾಯಿತು. ಊಟದ ಕ್ರಮ ಬದಲಾಯಿತು, ಗಾಯಕ್ಕೆ ದಿನವೂ ಡ್ರೆಸ್ಸಿಂಗ್, ವಾರಗಟ್ಟಲೆ ರಜೆ. ಅವಳು ಅಪ್ಪನ ಪಾದಕ್ಕೆ ಮೊಬೈಲಿನ ಬೆಳಕು ಹಿಡಿದಳು. ನಾನು ಬಟ್ಟೆ ಸುತ್ತುತ್ತಿದ್ದೆ. ಗಾಯ ನಿಧಾನವಾಗಿ ಮಾಯಿತು. ಸಕ್ಕರೆ ಹಿಡಿತಕ್ಕೆ ಬಂತು. ಅಂಗಾಲಿನ ಸ್ಪರ್ಶ ಮಾತ್ರ ಹಿಂದಿರುಗಿಲ್ಲ. ಕೆಲಸದಲ್ಲಿ ಅವರನ್ನು ಪಂಪುಗಳ ಬಳಿಯಿಂದ ಒಳಗಿನ ಆಫೀಸಿಗೆ ಹಾಕಿದರು. ಮೊದಲಿಗೆ ಅದು ಅವರಿಗೆ ಅವಮಾನ ಎನಿಸಿತು. ಆಮೇಲೆ ಒಗ್ಗಿತು.

ನನ್ನ ಹೆದರಿಕೆ ವೈದ್ಯರ ಮಾತಿನಿಂದ ಒಮ್ಮೆಗೇ ಹೋಯಿತೆಂದರೆ ಸುಳ್ಳಾಗುತ್ತದೆ. ಕೆಲವು ವಾರ ಅದು ಗಂಡನ ಪಾದಗಳ ಮೇಲೆ ಹೋಗಿ ಕೂತಿತು, ಮತ್ತೆ ನನ್ನ ಕಾಲಿಗೆ ಬಂತು. ಕ್ರಮೇಣ ತೆಳುವಾಯಿತು. ಒಂದು ದಿನ ಅವರು ಕೇಳಿದರು.

"ಇನ್ನೂ ನೋಡ್ಕೋತಾ ಇರ್ತೀಯಾ?"

"ಯಾವಾಗಾದ್ರೂ."

"ಹಾರುತ್ತಾ?"

"ಹಾರುತ್ತೆ."

"ಹಾರ್ಲಿ ಬಿಡು."

ಈಗ ಚಳಿಗಾಲದ ಸಂಜೆಗಳಲ್ಲಿ ಇಬ್ಬರೂ ಸಮುದ್ರದ ದಂಡೆಗೆ ನಡೆಯಲು ಹೋಗುತ್ತೇವೆ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ನೀರಿನಂಚಿನಲ್ಲಿ ನಡೆಯುತ್ತೇನೆ. ಅವರು ಬರಿಗಾಲಲ್ಲಿ ನಡೆಯುವಂತಿಲ್ಲ. ಆಗಾಗ ನಿಂತು, ನನ್ನ ಭುಜ ಹಿಡಿದು, ಶೂ ಬಿಚ್ಚಿ ಮರಳು ಕೊಡವಿ, ಒಳಗೆ ಕಲ್ಲೇನಾದರೂ ಉಳಿದಿದೆಯೇ ಎಂದು ಕೈಯಾಡಿಸಿ ನೋಡಿ, ಮತ್ತೆ ಹಾಕಿಕೊಂಡು ಮುಂದೆ ನಡೆಯುತ್ತಾರೆ.